ಐವರಿ ಕಮೋಡ್ ಇಟ್ಟುಕೊಂಡೇ ಬಚ್ಚಲು ಹೊಸದು ಮಾಡಬೇಕು: ಟೈಲ್ಸ್, ನಳ, ಬಣ್ಣ ಹೇಗೆ ಹೊಂದಿಸೋದು?

ಸಾಧನಕೇರಿ_ಮಳೆ
ಎಲ್ಲರಿಗೂ ನಮಸ್ಕಾರ. ಧಾರವಾಡದ ಮನೆ, 1994ರಲ್ಲಿ ಕಟ್ಟಿದ್ದು. ಕೆಳಗಿನ ಬಚ್ಚಲನ್ನು ಪೂರ್ತಿ ಒಡೆಯದೆ ಸ್ವಲ್ಪ ಹೊಸದು ಮಾಡಬೇಕು ಅಂತಿದ್ದೇವೆ. ಅಳತೆ 5 ಬೈ 7 ಅಡಿ. ಗೋಡೆಗೆ 4 ಅಡಿವರೆಗೆ ಆಕಾಶ ನೀಲಿ ಟೈಲ್ಸ್, ಅದರ ಮೇಲೆ ಡಿಸ್ಟೆಂಪರ್. ಮಳೆಗಾಲ ಬಂತು ಅಂದ್ರೆ ಡಿಸ್ಟೆಂಪರ್ ಪುಡಿಯಾಗಿ ಬಕೆಟಿಗೇ ಬೀಳುತ್ತದೆ. ನೆಲ ಶಹಾಬಾದ್ ಕಲ್ಲು, ವರ್ಷಗಟ್ಟಲೆ ಆಸಿಡ್ ಹಾಕಿ ತೊಳೆದು ತರಿತರಿಯಾಗಿದೆ. ಕಮೋಡ್, ಬೇಸಿನ್ ಎರಡೂ ಐವರಿ. ಬೇಸಿನ್ ಸೀಳಿದೆ, ಬದಲಾಯಿಸಲೇಬೇಕು. ಕಮೋಡ್ ಗಟ್ಟಿಯಾಗಿದೆ, ಅದನ್ನು ತೆಗೆಯುವ ಮನಸ್ಸಿಲ್ಲ.

ಮನೆಯಲ್ಲಿ ಮೂರು ಪಕ್ಷ. ಮಗಳಿಗೆ ಬೂದು ಟೈಲ್ಸ್, ಕಪ್ಪು ನಳ ಬೇಕು. ದಿನಾ ಫೋನಿನಲ್ಲಿ ಫೋಟೋ ತೋರಿಸುತ್ತಾಳೆ. ಯಜಮಾನರು "ಎಲ್ಲಾ ಬಿಳಿ ಹಾಕಿಬಿಡು, ತಲೆನೋವೇ ಇಲ್ಲ" ಅಂತಾರೆ. ಅತ್ತೆಗೆ 74. ಅವರು ಕೇಳೋದು ಇಷ್ಟೇ: ಜಾರಬಾರದು, ಕತ್ತಲೆ ಇರಬಾರದು. ಬಜೆಟ್ 70 ಸಾವಿರ. ನಳದ ನೀರು ಬಂದಾಗ ತುಂಬಿಸಿಕೊಳ್ಳುತ್ತೇವೆ, ಉಳಿದ ದಿನ ಬೋರ್. ಯಾವುದಕ್ಕೆ ಯಾವುದು ಹೊಂದುತ್ತದೆ, ಸ್ವಲ್ಪ ಹೇಳ್ರಿ.

ಗೌಂಡಿ_ಮಗ
ಅಕ್ಕಾರ, ಮೊದಲು ಒಂದು ಕೆಲಸ ಮಾಡಿ. ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು, ಹಳೇ ಟವೆಲ್‌ನಲ್ಲಿ ಸುತ್ತಿ, ಟೈಲ್ಸ್ ಅಂಗಡಿಗೆ ತಗೊಂಡು ಹೋಗಿ. ನಾಚಿಕೆ ಬೇಡ, ನಾನು ದಿನಾ ಹೇಳೋದೇ ಇದು. ಅಂಗಡಿಯ ದೀಪದ ಕೆಳಗೆ ನೋಡಬೇಡಿ. ಸ್ಯಾಂಪಲ್ ಟೈಲ್ಸ್ ಬಾಗಿಲ ಹತ್ತಿರ ಬೆಳಕಿಗೆ ತಂದು, ಮುಚ್ಚಳದ ಪಕ್ಕ ಒಂದೊಂದೇ ನಿಲ್ಲಿಸಿ.

ಬೂದು ಅಂದರೆ ಒಂದೇ ಬೂದು ಅಲ್ಲ. ಒಂದರಲ್ಲಿ ನೀಲಿ ಛಾಯೆ ಇರುತ್ತದೆ, ಇನ್ನೊಂದರಲ್ಲಿ ಕಂದು. ಫೋನಿನ ಫೋಟೋದಲ್ಲಿ ಬರೋದು ಹೆಚ್ಚಾಗಿ ನೀಲಿ ಛಾಯೆಯದು. ಅದರ ಪಕ್ಕ ಐವರಿ ಇಟ್ಟರೆ ಕಮೋಡ್ ಹಳದಿಯಾಗಿ, ತೊಳೆದೇ ಇಲ್ಲ ಅನ್ನೋ ಹಾಗೆ ಕಾಣುತ್ತದೆ. ಅಚ್ಚ ಬಿಳಿ ಟೈಲ್ಸ್ ಪಕ್ಕವೂ ಅದೇ ಕಥೆ. ಯಜಮಾನರ "ಎಲ್ಲಾ ಬಿಳಿ" ಸುಲಭ ಅನ್ನಿಸಿದರೂ ನಿಮ್ಮ ಬಚ್ಚಲಿಗೆ ಅದೇ ಎಲ್ಲಕ್ಕಿಂತ ಕಷ್ಟದ ಬಣ್ಣ. ಐವರಿ ಉಳಿಸೋದು ಖಾತ್ರಿ ಆದರೆ ಮರಳು ಬಣ್ಣ, ಬೀಜ್, ತಿಳಿ ಕಂದು, ಕಂದು ಛಾಯೆಯ ಬೂದು. ಇಷ್ಟರೊಳಗೇ ಆಟ ಆಡಿ.

ಬ್ಯಾಡಗಿ_ಖಾರ
ಇಷ್ಟೆಲ್ಲಾ ಯಾಕ್ರೀ? ಒಂದು ಬಿಳಿ ಕಮೋಡ್ ತಂದು ಹಾಕಿ, ಆಮೇಲೆ ಯಾವ ಬಣ್ಣ ಬೇಕಾದರೂ ಬಳೀರಿ. ಹಳೇ ಕಮೋಡಿಗಾಗಿ ಇಡೀ ಬಚ್ಚಲು ಕುಣಿಸೋದು ಯಾವ ನ್ಯಾಯ?

ಸಾಧನಕೇರಿ_ಮಳೆ
ಅಣ್ಣಾ, ಅದನ್ನು ಕಿತ್ತರೆ ನೆಲ ಒಡೆಯಬೇಕು. ಕೆಳಗಿನ ಪೈಪ್ ಕಲ್ಲಿನೊಳಗೆ ಹೂತಿದೆ. ಅಷ್ಟಕ್ಕೆ ಕೈ ಹಾಕಿದರೆ 70 ಸಾವಿರ ಎಲ್ಲಿಗೂ ಸಾಲಲ್ಲ.

ಗೌಂಡಿ_ಮಗ
ಬ್ಯಾಡಗಿಯವರ ಮಾತಿನಲ್ಲೂ ಒಂದು ಸತ್ಯ ಇದೆ. ಈಗಿನ ಫ್ಲಶ್ ಟ್ಯಾಂಕಿನಲ್ಲಿ ಎರಡು ಬಟನ್ ಬರುತ್ತವೆ, 3 ಲೀಟರ್ ಮತ್ತು 6 ಲೀಟರ್. ಹಳೆಯದು ಒಂದು ಸಲಕ್ಕೆ 10 ಲೀಟರಿಗೂ ಜಾಸ್ತಿ ಸುರಿಯುತ್ತದೆ. ನೀರಿಗೆ ಕಾಯೋ ಊರಲ್ಲಿ ಅದು ಸಣ್ಣ ವಿಷಯ ಅಲ್ಲ. ಆದರೆ ಸೋರದ ಕಮೋಡ್ ಕಿತ್ತು, ಹೊಸದರ ಬಾಯಿ ಹಳೇ ಪೈಪಿಗೆ ಕೂಡದೇ ಹೋದರೆ ವಾಟರ್‌ಪ್ರೂಫಿಂಗ್ ಎಲ್ಲಾ ಮತ್ತೆ. ಬಣ್ಣದ ಕಾರಣಕ್ಕೆ ಮಾತ್ರ ಕೀಳೋದಾದರೆ ನಾನು ಬೇಡ ಅಂತೀನಿ.

ಮುದ್ರಣಕಾಶಿ
ಗದಗಿನಿಂದ. ಕಪ್ಪು ನಳದ ಬಗ್ಗೆ ಮಗಳಿಗೆ ಈ ಪೋಸ್ಟ್ ತೋರಿಸಿ. ನಮ್ಮ ಕಡೆ ಬೋರಿನ ನೀರು ಸವಳು. ಪಕ್ಕದ ಮನೆಯವರು ಬಹಳ ಆಸೆಯಿಂದ ಮ್ಯಾಟ್ ಕಪ್ಪು ಶವರ್, ಮ್ಯಾಟ್ ಕಪ್ಪು ಬೇಸಿನ್ ನಳ ಹಾಕಿಸಿದರು. ನೀರಿನ ಹನಿ ಒಣಗಿದ ಕಡೆಯೆಲ್ಲಾ ಒಂದೊಂದು ಬಿಳಿ ಉಂಗುರ. ನಳದ ಬುಡದಲ್ಲಿ ಬಿಳಿ ಪಟ್ಟಿ. ಒರೆಸಿದರೆ ಹೋಗಲ್ಲ, ಉಜ್ಜಿದರೆ ಕಪ್ಪು ಬಣ್ಣವೇ ಮಾಸುತ್ತದೆ. ಕ್ರೋಮ್ ಮೇಲೂ ಅದೇ ಉಪ್ಪು ಕೂರುತ್ತದೆ, ಆದರೆ ಕಣ್ಣಿಗೆ ಅಷ್ಟು ರಾಚಲ್ಲ. ಕಪ್ಪಿನ ಮೇಲೆ ಬಿಳಿ ಅಂದರೆ ಬಾಗಿಲಿನಿಂದಲೇ ಕಾಣುತ್ತದೆ.

ನಳದ ಬಣ್ಣ ಆರಿಸೋ ಮುಂಚೆ ನಿಮ್ಮ ಸ್ಟೀಲ್ ಬಕೆಟಿನ ಒಳಗೆ ನೋಡಿ. ಅಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಹೊಸ ನಳದ ಮೇಲೂ ಕಟ್ಟುತ್ತದೆ.

ಸಾಧನಕೇರಿ_ಮಳೆ
ಬಕೆಟ್ ನೋಡಿದೆ. ಪೊರೆ ಇದೆ 🙂 ಸವದತ್ತಿ ಕಡೆಯಿಂದ ಬರೋ ಮಲಪ್ರಭಾ ನೀರು ಬೋರಿಗಿಂತ ಮೆದು, ಆದರೆ ಅದು ಅಡುಗೆ, ಕುಡಿಯೋದಕ್ಕೇ ಸರಿಯಾಗುತ್ತದೆ. ಸ್ನಾನಕ್ಕೆ ಹೆಚ್ಚು ದಿನ ಬೋರೇ. ಹಾಗಾದರೆ ಕ್ರೋಮ್ ಒಂದೇ ಗತಿನಾ? ಮಗಳು "ಅಜ್ಜನ ಕಾಲದ್ದು" ಅಂತಾಳೆ. ಬ್ರಶ್ಡ್ ನಿಕ್ಕಲ್, ರೋಸ್ ಗೋಲ್ಡ್ ಅಂತ ಏನೇನೋ ತೋರಿಸುತ್ತಿದ್ದಾಳೆ.

ಉಣಕಲ್_ಕೆರೆ
ನಾನು ಸ್ಯಾನಿಟರಿ ಲೈನಿನಲ್ಲೇ ಇರೋನು, ಅಂಗಡಿ ಹೆಸರು ಹೇಳಲ್ಲ. ಒಳಗಿನ ಮಾತು ಹೇಳುತ್ತೇನೆ.

ಒಳ್ಳೆ ಕ್ರೋಮ್ ನಳ ಅಂದರೆ ಹಿತ್ತಾಳೆಯ ಮೈ, ಅದರ ಮೇಲೆ ನಿಕ್ಕಲ್, ಅದರ ಮೇಲೆ ತೆಳ್ಳಗೆ ಕ್ರೋಮಿಯಂ. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. ಹಗುರ ಅನ್ನಿಸಿದರೆ ಒಳಗೆ ಪ್ಲಾಸ್ಟಿಕ್ ಇರಬಹುದು, ಕೇಳಿ ನೋಡಿ. ಮ್ಯಾಟ್ ಕಪ್ಪಿನಲ್ಲಿ ಬಹಳಷ್ಟು ಮಾಲಿಗೆ ಮೇಲಿರೋದು ಪೌಡರ್ ಕೋಟಿಂಗ್. ರೋಸ್ ಗೋಲ್ಡ್, ಬ್ರಶ್ಡ್ ಮಾಲಿನಲ್ಲಿ ಪಿವಿಡಿ ಅಂತ ಬರೆದಿದ್ದರೆ ಒಳ್ಳೇದು. ನಿರ್ವಾತದಲ್ಲಿ ಲೋಹವನ್ನು ಆವಿ ಮಾಡಿ ಕೂರಿಸುತ್ತಾರೆ, ಬೇಗ ಗೀರಾಗಲ್ಲ. ರೇಟೂ ಹಾಗೇ ಇರುತ್ತದೆ.

ಬ್ರಶ್ಡ್ ನಿಕ್ಕಲ್ ನಿಮ್ಮ ಐವರಿಗೆ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ ಸ್ವಲ್ಪ ಹಳದಿ ಛಾಯೆ ಇರುತ್ತದೆ, ಬೆರಳಿನ ಗುರುತು, ನೀರಿನ ಕಲೆ ಕ್ರೋಮಿಗಿಂತ ಕಡಿಮೆ ಕಾಣುತ್ತವೆ. ಸಮಸ್ಯೆ ಬೇರೆ ಕಡೆ ಇದೆ. ಕ್ರೋಮ್ ಅಂದರೆ ಯಾವ ಕಂಪನಿಯದಾದರೂ ಹತ್ತಿರ ಹತ್ತಿರ ಒಂದೇ ಬಣ್ಣ. ಬ್ರಶ್ಡ್, ಗೋಲ್ಡ್, ಕಪ್ಪು ಹಾಗಲ್ಲ. ಕಂಪನಿಗೊಂದು ಛಾಯೆ. ಇವತ್ತು ನಳ ತಗೊಂಡು, ಮುಂದೆ ಯಾವಾಗೋ ಹೆಲ್ತ್ ಫಾಸೆಟ್ ಬೇರೆ ಕಂಪನಿಯದು ತಂದರೆ ಪಕ್ಕ ಪಕ್ಕ ಎರಡು ಬಣ್ಣ. ಆ್ಯಂಗಲ್ ಕಾಕ್, ಬಾಟಲ್ ಟ್ರ್ಯಾಪ್, ಟವೆಲ್ ರಾಡ್, ಬಾಗಿಲಿನ ಅಗುಳಿ, ತಿರುಗಣಿ, ಇವೆಲ್ಲಾ ಲೆಕ್ಕಕ್ಕೆ ಬರುತ್ತವೆ. ಜನ ಶವರ್ ಗೋಲ್ಡ್ ಹಾಕಿಸಿ ಬೇಸಿನ್ ಕೆಳಗೆ ಪ್ಲಾಸ್ಟಿಕ್ ಪೈಪ್ ಜೋತು ಬಿಡುತ್ತಾರೆ, ಕೂತವರ ಕಣ್ಣಿಗೆ ಮೊದಲು ಬೀಳೋದು ಅದೇ!

ಅದಕ್ಕೆ ನನ್ನ ಸಲಹೆ: ನೀರು ಮುಟ್ಟೋ ಸಾಮಾನೆಲ್ಲಾ ಕ್ರೋಮ್. ನಾಳೆ ಒಂದು ಕೆಟ್ಟರೆ ಹಾವೇರಿಯಲ್ಲೂ ಸಿಗುತ್ತದೆ, ನರಗುಂದದಲ್ಲೂ ಸಿಗುತ್ತದೆ. ಮಗಳಿಗೆ ಕಪ್ಪು ಬೇಕಂದ್ರೆ ಒಣಗಿರೋ ಜಾಗದಲ್ಲಿ ಕೊಡಿ. ಕನ್ನಡಿಯ ಚೌಕಟ್ಟು, ಟವೆಲ್ ಕೊಕ್ಕೆ, ದೀಪದ ಫಿಟಿಂಗ್. ಎರಡು ಫಿನಿಶ್‌ವರೆಗೆ ಚಂದ. ಮೂರನೇದು ಬಂದರೆ ಅಂಗಡಿಯ ಡಿಸ್ಪ್ಲೇ ಬೋರ್ಡ್ ಆಗುತ್ತದೆ.

ನೃಪತುಂಗ_ಬೆಟ್ಟ
ಒಂದು ಪ್ರಶ್ನೆ. ಆ ನೀಲಿ ಟೈಲ್ಸ್ ತೆಗೆಯಲೇಬೇಕಾ? ತಿಳಿ ನೀಲಿ, ಐವರಿ ಜೋಡಿ ಕೆಟ್ಟದೇನಲ್ಲ. ಆ ಕಾಲದಲ್ಲಿ ಯಾರೋ ಯೋಚನೆ ಮಾಡಿಯೇ ಹಾಕಿದ್ದಾರೆ. ಸಂದಿಯ ಗ್ರೌಟ್ ಕೆರೆದು ಹೊಸದು ತುಂಬಿಸಿ, ಮೇಲಿನ ಗೋಡೆಗೆ ಒಳ್ಳೆ ಪೇಂಟ್ ಹೊಡೆಸಿ, ನೆಲ ಮಾತ್ರ ಬದಲಾಯಿಸಿ. ಅರ್ಧ ಬಜೆಟ್ ಉಳಿಯುತ್ತದೆ.

ಗೌಂಡಿ_ಮಗ
ಹೌದು, ಅದೂ ಒಂದು ದಾರಿ. ಅಕ್ಕಾರ, ಒಂದು ರೂಪಾಯಿ ನಾಣ್ಯ ತಗೊಂಡು ಪ್ರತಿ ಟೈಲ್ಸ್ ಮೇಲೆ ಬಡಿದು ನೋಡಿ. ಗಟ್ಟಿ ಸಪ್ಪಳ ಬಂದರೆ ಸರಿ. ಟೊಳ್ಳು ಸಪ್ಪಳ ಬಂದರೆ ಹಿಂದೆ ಹಿಡಿತ ಹೋಗಿದೆ ಅಂತ ಅರ್ಥ. ಪೆನ್ಸಿಲಿನಿಂದ ಗುರುತು ಹಾಕ್ಕೋತ ಹೋಗಿ.

ಸಾಧನಕೇರಿ_ಮಳೆ
ಬಡಿದು ನೋಡಿದೆ. ಅತ್ತೆ "ಗೋಡೆಗೆ ಏನಾಗಿದೆಯೇ, ಜ್ವರಾನಾ?" ಅಂತ ಕೇಳಿದರು. ಸ್ನಾನ ಮಾಡೋ ಕಡೆಯ ಗೋಡೆ ಬಹಳಷ್ಟು ಟೊಳ್ಳು. ನಾಲ್ಕೈದು ಟೈಲ್ಸ್‌ನಲ್ಲಿ ಕೂದಲೆಳೆ ಬಿರುಕು. ಉಳಿದ ಮೂರು ಗೋಡೆ ಗಟ್ಟಿ. ಅದೇ ನೀಲಿ ಈಗ ಎಲ್ಲಿ ಸಿಗುತ್ತದೆ?

ಗೌಂಡಿ_ಮಗ
ಸಿಗಲ್ಲ, ಹುಡುಕಬೇಡಿ. ಸಿಕ್ಕಿದರೂ ಛಾಯೆ ಕೂಡಲ್ಲ. ಹಾಗಾದರೆ ಗೋಡೆ ಹೊಸದೇ ಮಾಡಿ. ಗಟ್ಟಿ ಇರೋ ಮೂರು ಗೋಡೆಗೆ ಹಳೇ ಟೈಲ್ಸ್ ಮೇಲೇ ಅಂಟಿಸಬಹುದು. ಸಿಮೆಂಟ್ ಹಚ್ಚಿ ಅಲ್ಲ, ಟೈಲ್ಸ್ ಮೇಲೆ ಟೈಲ್ಸ್ ಅಂಟಿಸೋ ಅಡೆಸಿವ್ ಬೇರೇನೇ ಬರುತ್ತದೆ, ಚೀಲದ ಮೇಲೆ ಬರೆದಿರುತ್ತದೆ. ಸೋಪಿನ ಜಿಡ್ಡು ಪೂರ್ತಿ ತೊಳೆದು, ಹಳೇ ಹೊಳಪನ್ನು ಸ್ವಲ್ಪ ಕೆರೆಯಬೇಕು. ಟೊಳ್ಳು ಗೋಡೆಯದು ಮಾತ್ರ ಕಿತ್ತು, ಪ್ಲಾಸ್ಟರ್ ಮಾಡಿ, ವಾಟರ್‌ಪ್ರೂಫಿಂಗ್ ಬಳಿದು, ಆಮೇಲೆ ಹಾಕಿ. ಟೊಳ್ಳಿನ ಮೇಲೆ ಹೊಸದು ಅಂಟಿಸಿದರೆ ಎರಡೂ ಸೇರಿ ಬೀಳುತ್ತವೆ.

4 ಅಡಿಗೆ ನಿಲ್ಲಿಸಬೇಡಿ, 7 ಅಡಿ ಹೋಗಿ. ಧಾರವಾಡದ ಮಳೆಗೆ 4 ಅಡಿ ಯಾವ ಮೂಲೆಗೂ ಸಾಲಲ್ಲ.

ಇಳಕಲ್_ದಡಿ
ಸಾಧನಕೇರಿ ಅಕ್ಕಾ, ಬಣ್ಣದ ಲೆಕ್ಕಕ್ಕೆ ಕಪಾಟಿನಲ್ಲಿರೋ ಇಳಕಲ್ ಸೀರೆ ಹಾಸಿಗೆ ಮೇಲೆ ಹರಡಿ ನೋಡಿ. ಮೈ ಒಂದು ಬಣ್ಣ. ಅದೇ ಹೆಚ್ಚು. ದಡಿ ಇನ್ನೊಂದು. ಸೆರಗಿಗೆ ಬರೋ ಹೊತ್ತಿಗೆ ಮೂರನೇ ಬಣ್ಣ ಹುಡುಕೋದಿಲ್ಲ ನೇಕಾರರು, ದಡಿಯ ಕೆಂಪನ್ನೇ ಸೆರಗಿಗೆ ತರುತ್ತಾರೆ, ನಡುವೆ ಬಿಳಿ ತೆನೆ ಅಷ್ಟೇ. ಅದಕ್ಕೇ ಎಷ್ಟು ಗಾಢ ಬಣ್ಣ ಇದ್ದರೂ ಗದ್ದಲ ಅನ್ನಿಸಲ್ಲ.

ಬಚ್ಚಲಿಗೂ ಹಾಗೇ ಮಾಡಿ. ಗೋಡೆ ಪೂರ್ತಿ ತಿಳಿ ಮರಳು ಬಣ್ಣ, ಕಮೋಡಿಗಿಂತ ಒಂದು ಮೆಟ್ಟಿಲು ಗಾಢ. ಐವರಿಯನ್ನೇ ಹುಡುಕಿ ಹೊಂದಿಸೋಕೆ ಹೋಗಬೇಡಿ. ಅರೆಬರೆ ಹೊಂದಿದ್ದು ಹೊಂದದೇ ಇರೋದಕ್ಕಿಂತ ಜಾಸ್ತಿ ಚುಚ್ಚುತ್ತದೆ. ನೆಲ ಕಂದು. ಆ ಕಂದೇ ಇನ್ನೊಂದು ಕಡೆ ಮತ್ತೆ ಕಾಣಲಿ. ಸೋಪು ಇಡೋ ಗೂಡಿನ ಹಿಂಭಾಗಕ್ಕೆ ನೆಲದ್ದೇ ಟೈಲ್ಸ್ ಕತ್ತರಿಸಿ ಹಾಕಿಸಿ. ಹೂ, ಶಂಖ, ಮೀನು ಇರೋ ಹೈಲೈಟರ್ ಟೈಲ್ಸ್ ಅಂಗಡಿಯವರು ಒತ್ತಾಯ ಮಾಡಿ ಕೊಡುತ್ತಾರೆ. ಬೇಡ ಅನ್ನಿ. ಸಣ್ಣ ಬಚ್ಚಲಿನಲ್ಲಿ ಮೀನಿಗೂ ಉಸಿರು ಕಟ್ಟುತ್ತದೆ.

ಬ್ಯಾಡಗಿ_ಖಾರ
ನಮ್ಮ ಮನೆಯಲ್ಲಿ ಡಾಲ್ಫಿನ್ ಇದೆ. ನಮಗೇನೂ ತೊಂದರೆ ಇಲ್ಲ 😄

ಸವಣೂರ_ಎಲೆ
ಯಾರೂ ಗ್ರೌಟ್ ಬಣ್ಣದ ಸುದ್ದಿ ಎತ್ತಿಲ್ಲ. ಅರ್ಧ ಅಂದ ಇರೋದೇ ಅದರಲ್ಲಿ.

ನಮ್ಮ ಕಡೆ ಬಚ್ಚಲಿನಲ್ಲಿ ಏನೇನು ಬೀಳುತ್ತದೆ ನೋಡಿ. ದೀಪಾವಳಿ ಎಣ್ಣೆ ಸ್ನಾನಕ್ಕೆ ಎಣ್ಣೆ, ಸೀಗೆಕಾಯಿ ಪುಡಿ. ಮದುವೆ ಮುಂಚೆ ಅರಿಶಿನ. ತಲೆಗೆ ಮೆಹಂದಿ. ಬಿಳಿ ಸಿಮೆಂಟ್ ತುಂಬಿದ ಸಂದಿ ಇವನ್ನೆಲ್ಲಾ ಕುಡಿದು ಇಟ್ಟುಕೊಳ್ಳುತ್ತದೆ. ಒಂದು ಸೀಗೆಕಾಯಿ ಸ್ನಾನ ಸಾಕು, ಸಂದಿಯ ಗೆರೆಗೆರೆ ಕಂದು. ಆಮೇಲೆ ಆಸಿಡ್ ಸುರಿಯೋದು. ಆಸಿಡ್ ಕಲೆಯ ಜೊತೆಗೆ ಸಿಮೆಂಟನ್ನೂ ತಿನ್ನುತ್ತದೆ. ಸಂದಿ ಆಳವಾಗುತ್ತದೆ, ಇನ್ನೂ ಕೊಳೆ ಕೂರುತ್ತದೆ. ನಿಮ್ಮ ಶಹಾಬಾದ್ ಕಲ್ಲಿಗೂ ಆದದ್ದು ಇದೇ. ಅದು ಸುಣ್ಣದಕಲ್ಲು, ಆಸಿಡ್ ಬಿದ್ದರೆ ನೊರೆ ಬರುತ್ತದೆ.

ಅದಕ್ಕೆ ನೆಲಕ್ಕೂ ಸ್ನಾನದ ಗೋಡೆಗೂ ಎಪಾಕ್ಸಿ ಗ್ರೌಟ್ ಹಾಕಿಸಿ. ದುಬಾರಿ, ಕಲಸಿದ ಮೇಲೆ ಬೇಗ ಗಟ್ಟಿಯಾಗುತ್ತದೆ, ಕೈ ಕುಳಿತವರೇ ಮಾಡಬೇಕು. ಟೈಲ್ಸ್ ಮೇಲೆ ಮೆತ್ತಿದ್ದನ್ನು ಆಗಲೇ ಒರೆಸದಿದ್ದರೆ ಮಸುಕು ಪೊರೆ ಉಳಿದುಬಿಡುತ್ತದೆ. ಆದರೆ ನೀರು, ಎಣ್ಣೆ ಹೀರಲ್ಲ. ಉಳಿದ ಗೋಡೆಗೆ ಸಾದಾ ಗ್ರೌಟ್ ನಡೆಯುತ್ತದೆ. ಬಣ್ಣ ಟೈಲ್ಸಿಗಿಂತ ಒಂದು ಛಾಯೆ ಗಾಢ ಇರಲಿ. ಸಾದಾ ಗ್ರೌಟ್ ಒದ್ದೆ ಇದ್ದಾಗ ಗಾಢ ಕಾಣುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ. ಒಡೆದ ಎರಡು ಟೈಲ್ಸ್ ಚೂರಿನ ನಡುವೆ ತುಂಬಿ, ಒಣಗಿಸಿ ನೋಡಿ ತೀರ್ಮಾನ ಮಾಡಿ.

ಸಾಧನಕೇರಿ_ಮಳೆ
ಸೀಗೆಕಾಯಿ ಮಾತು ಅತ್ತೆಗೆ ಓದಿ ಹೇಳಿದೆ. "ಈಕೆ ತಿಳಿದಾಕಿ" ಅಂದರು. ನೆಲಕ್ಕೆ ಎಷ್ಟು ಗಾಢ ಕಂದು? ಅತ್ತೆಗೆ ಒಂದು ಕಣ್ಣಿನ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಬಾಕಿ.

ನೃಪತುಂಗ_ಬೆಟ್ಟ
ಹಾಗಿದ್ದರೆ ಇದನ್ನು ಗಮನಿಸಿ. ವಯಸ್ಸಾದವರಿಗೆ ಗೋಡೆ, ನೆಲ, ಕಮೋಡ್ ಎಲ್ಲಾ ಒಂದೇ ತಿಳಿ ಬಣ್ಣ ಆದರೆ ಎಲ್ಲಿ ಯಾವುದು ಮುಗಿಯಿತು ಅಂತ ತಿಳಿಯೋದೇ ಇಲ್ಲ. ತಿಳಿ ಗೋಡೆ, ಮಧ್ಯಮ ಕಂದು ನೆಲ, ಅದರ ಮೇಲೆ ಐವರಿ ಕಮೋಡ್ ಎದ್ದು ಕಾಣುತ್ತದೆ. ನಿಮ್ಮ ಐವರಿ ಈಗ ಕೆಲಸಕ್ಕೆ ಬಂತು. ಹಿಡಿದು ಏಳೋಕೆ ಕಮೋಡ್ ಪಕ್ಕ ಒಂದು ಹಿಡಿ ಹಾಕಿಸಿ, 304 ಸ್ಟೀಲ್ ಕೇಳಿ. 202 ಅಂತ ಅಗ್ಗದ್ದು ಬರುತ್ತದೆ, ಅದರಲ್ಲಿ ನಿಕ್ಕಲ್ ಕಡಿಮೆ, ಒದ್ದೆ ಜಾಗದಲ್ಲಿ ಬೇಗ ತುಕ್ಕಿನ ಚುಕ್ಕೆ ಬರುತ್ತದೆ. ಮಗಳ ಕಪ್ಪಿನ ಆಸೆ ಇಲ್ಲಿ ಈಡೇರಿಸಬಹುದು. ತಿಳಿ ಗೋಡೆಯ ಮೇಲೆ ಕಪ್ಪು ಹಿಡಿ ಅತ್ತೆಗೂ ಕಾಣುತ್ತದೆ. ಹೊಸ್ತಿಲ ಕಲ್ಲೂ ನೆಲಕ್ಕಿಂತ ಬೇರೆ ಬಣ್ಣ ಇರಲಿ, ಎಡವೋದು ತಪ್ಪುತ್ತದೆ.

ಗಾಢ ಕಂದು, ಕಪ್ಪು ನೆಲ ಬೇಡ. ಸೋಪಿನ ನೊರೆ, ಬೋರಿನ ಉಪ್ಪು ಎಲ್ಲಾ ಬಿಳಿಯಾಗಿ ಕಾಣುತ್ತದೆ. ತೀರಾ ತಿಳಿ ಆದರೆ ಧಾರವಾಡದ ಕೆಮ್ಮಣ್ಣು, ಹುಬ್ಬಳ್ಳಿ ಆದರೆ ಎರೆಮಣ್ಣು, ಜೊತೆಗೆ ಉದುರಿದ ಕೂದಲು. ನಡುವಿನ ಕಂದು, ಸಣ್ಣ ಚುಕ್ಕೆ ಇರೋ ಮ್ಯಾಟ್ ತಗೊಳ್ಳಿ. ಜಾರದಿರೋಕೆ ಆರ್10 ಅಥವಾ ಆರ್11 ಕೇಳಿ. ನಂಬರ್ ಹೆಚ್ಚಾದಷ್ಟು ಹಿಡಿತ ಹೆಚ್ಚು, ಉಜ್ಜೋ ಕಷ್ಟವೂ ಹೆಚ್ಚು. 1 ಅಡಿಯ ಚೌಕ ಟೈಲ್ಸ್ ಸಾಕು. 2 ಅಡಿಯದು ಹಾಕಿದರೆ ಜಾಲಿ ಕಡೆ ಇಳಿಜಾರು ಕೊಡೋದು ಕಷ್ಟ.

ಉಣಕಲ್_ಕೆರೆ
ಟೈಲ್ಸ್ ಕೊಳ್ಳೋ ಮುಂಚೆ ಬಲ್ಬ್ ಕೊಳ್ಳಿ. ಮರಳು ಬಣ್ಣದ ಗೋಡೆಗೆ 6500 ಕೆಲ್ವಿನ್ ಬಿಳಿ ಎಲ್ಇಡಿ ಹಾಕಿದರೆ ಬಣ್ಣ ಸತ್ತು ಹೋಗುತ್ತದೆ. 3000 ಹಾಕಿದರೆ ಐವರಿ ಹಳದಿಗೆ ಇನ್ನೂ ಹಳದಿ. 4000 ನಡುವಿನದು, ಅತ್ತೆಗೂ ಕತ್ತಲೆ ಅನ್ನಿಸಲ್ಲ. ಸ್ಯಾಂಪಲ್ ಟೈಲ್ಸ್ ಮನೆಗೆ ತಂದು ಅದೇ ಬಲ್ಬ್ ಕೆಳಗೆ, ರಾತ್ರಿ ಒಮ್ಮೆ ನೋಡಿ.

ಇನ್ನೊಂದು. ಬಾಕ್ಸ್ ಮೇಲೆ ಶೇಡ್ ನಂಬರ್, ಬ್ಯಾಚ್ ನಂಬರ್ ಇರುತ್ತದೆ. ಎಲ್ಲಾ ಬಾಕ್ಸಿನದೂ ಒಂದೇ ಇರಬೇಕು. ಗಾಡಿ ಮನೆಗೆ ಬಂದಾಗ ಇಳಿಸಿಕೊಳ್ಳೋ ಮುಂಚೆಯೇ ಓದಿ. ಅಂಟಿಸಿದ ಮೇಲೆ ಅಂಗಡಿಯವರು ವಾಪಸ್ ತಗೊಳ್ಳಲ್ಲ, ನಾನೂ ತಗೊಳ್ಳಲ್ಲ.

ಮುದ್ರಣಕಾಶಿ
7 ಅಡಿ ಮೇಲಿನ ಪಟ್ಟಿಗೂ ಛತ್ತಿಗೂ ಬೂಸ್ಟು ಹಿಡಿಯದ ಎಮಲ್ಷನ್ ಹೊಡೆಸಿ, ಹಳೇ ಡಿಸ್ಟೆಂಪರ್ ಪೂರ್ತಿ ಕೆರೆದ ಮೇಲೆ. ಅದರ ಮೇಲೇ ಹೊಡೆದರೆ ಹೊಸದೂ ಅದರ ಜೊತೆ ಏಳುತ್ತದೆ. ಬಣ್ಣ ಗೋಡೆಯ ಟೈಲ್ಸಿಗಿಂತ ತಿಳಿ. ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಯಾವ ಪೇಂಟೂ ಉಳಿಯಲ್ಲ.

ಸಾಧನಕೇರಿ_ಮಳೆ
ಮುಚ್ಚಳ ಹೊತ್ತುಕೊಂಡು ಗೋಕುಲ ರೋಡಿಗೆ ಹೋಗಿ ಬಂದೆವು. ಅಂಗಡಿಯ ಹುಡುಗ ಮೊದಲು ನಕ್ಕ, ಆಮೇಲೆ ಅವನೇ ಸ್ಯಾಂಪಲ್ ಹೊತ್ತು ಬಾಗಿಲಿಗೆ ತಂದ. ಬೂದು ಪಕ್ಕ ಇಟ್ಟ ಕೂಡಲೇ ಮಗಳೇ "ಅಯ್ಯ, ಬೇಡ" ಅಂದಳು. ಗೋಡೆಗೆ ಮರಳು ಬಣ್ಣದ ಮ್ಯಾಟ್, ನೆಲಕ್ಕೆ ಚುಕ್ಕೆಯ ಕಂದು, ನಳ ಕ್ರೋಮ್, ಕನ್ನಡಿ ಚೌಕಟ್ಟು, ಕೊಕ್ಕೆ, ಹಿಡಿ ಕಪ್ಪು. ಬೇಸಿನ್ ಐವರಿ ಸ್ಟಾಕ್ ಇಲ್ಲ, ತರಿಸಿಕೊಡುತ್ತಾರಂತೆ. ಬಿಳಿ ಬೇಸಿನ್ ಹಾಕಿದರೆ ನಡೆಯುತ್ತಾ? ಮತ್ತೆ ಟೈಲ್ಸ್ ಎಷ್ಟು ಬೇಕು, ಅಂಗಡಿಯವರು 22 ಬಾಕ್ಸ್ ಅಂದರು.

ಗೌಂಡಿ_ಮಗ
ಬಿಳಿ ಬೇಸಿನ್ ಬೇಡ, ಐವರಿ ಬರೋವರೆಗೆ ಕಾಯಿರಿ. 5 ಅಡಿ ಅಗಲದ ಕೋಣೆಯಲ್ಲಿ ಎರಡೂ ಒಂದೇ ನೋಟಕ್ಕೆ ಬೀಳುತ್ತವೆ. ಕಮೋಡಿನ ಸೀಟ್ ಕವರ್ ಬದಲಾಯಿಸೋದಾದರೂ ಐವರಿಯೇ ಕೇಳಿ.

ಲೆಕ್ಕ ನೋಡಿ. ನಾಲ್ಕು ಗೋಡೆ ಸುತ್ತಳತೆ 24 ಅಡಿ, 7 ಅಡಿ ಎತ್ತರಕ್ಕೆ 168 ಚದರಡಿ. ಬಾಗಿಲಿಗೆ ಸುಮಾರು 17 ಕಳೆದರೆ 151. 300 ಬೈ 600 ಮಿಲಿಮೀಟರ್ ಟೈಲ್ಸ್ ಒಂದಕ್ಕೆ 1.94 ಚದರಡಿ ಹಿಡಿದರೆ 78. ಕತ್ತರಿಸೋದು, ಒಡೆಯೋದು ಅಂತ ನೂರಕ್ಕೆ 10 ಸೇರಿಸಿ 86. ಬಾಕ್ಸಿಗೆ 5 ಬರೋದಾದರೆ 18 ಬಾಕ್ಸ್, ಮುಂದಿನ ರಿಪೇರಿಗೆ ಅಂತ ಒಂದು ಹೆಚ್ಚಿಗೆ, 19. 22 ಯಾಕೆ ಅಂತ ಕೇಳಿ. ನೆಲ 35 ಚದರಡಿ, 1 ಅಡಿಯವು 40 ತಗೊಳ್ಳಿ, ಗೂಡಿನ ಹಿಂಭಾಗಕ್ಕೂ ಸರಿಹೋಗುತ್ತದೆ.

ನೆಲ ಕಲ್ಲಿನ ಮೇಲೇ ಹಾಕೋದಾದರೆ ಟೈಲ್ಸ್, ಅಡೆಸಿವ್ ಸೇರಿ ಸುಮಾರು ಅರ್ಧ ಇಂಚು ಏರುತ್ತದೆ. ಬಾಗಿಲು ಕೆಳಗೆ ಕತ್ತರಿಸಬೇಕಾಗುತ್ತದೆ, ಬಡಿಗೇರನ್ನ ಮೊದಲೇ ಕರೆಸಿ.

ಸಾಧನಕೇರಿ_ಮಳೆ
ಜಾಲಿ ಹಳೇದೇ ಇಡಬಹುದಾ?

ಗೌಂಡಿ_ಮಗ
ಬೇಡ್ರಿ, ನೆಲ ಏರಿದ ಮೇಲೆ ಅದು ಗುಂಡಿಯಲ್ಲಿ ಕೂರುತ್ತದೆ. 5 ಇಂಚಿನ ಚೌಕ, 304 ಸ್ಟೀಲ್, ಜಿರಳೆ ಬರದಂಥದ್ದು ತಗೊಳ್ಳಿ. ನೆಲದ ಟೈಲ್ಸ್ ಕತ್ತರಿಸೋ ಮುಂಚೆಯೇ ಗೌಂಡಿ ಕೈಗೆ ಕೊಡಿ.